ಬಾಯಿಗೆ ಬಿಡುವಿಲ್ಲದವಳು

ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದ ಅವಳನ್ನು ಜೊತೆಯ ಹೆಂಗಸರೆಲ್ಲ ಗುಂಡಿಯಕ್ಕ ಎಂದೇ ಕರೆಯುತ್ತಿದ್ದರು. ಅವಳೂ ನಗುತ್ತಿದ್ದಳು. "ಸರಿಯಾಗೇ ಇಟ್ಟಿದೀರ ಬಿಡ್ರೇ. ನನ್ನ ಹೊಟ್ಟೇನೂ ಒಂದು ಗುಂಡೀನೇ, ಎಷ್ಟು ಸುರಿದ್ರೂ ಸಾಲಲ್ಲ."

ಹಾಗೆಂದು ನಂಬಿಯೂ ಇದ್ದಳು. ಅಪ್ಪ ಕೆಲಸ ಕಳೆದುಕೊಂಡ ಕಾಲದಲ್ಲಿ ಒಮ್ಮೆ, "ಇನ್ನೊಂಚೂರು ಹಾಕಮ್ಮ" ಎಂದು ತಟ್ಟೆ ಚಾಚಿದವಳಿಗೆ ಅಮ್ಮ, "ಎಲ್ಲರ ಪಾಲೂ ನಿಂಗೇ ಬೇಕಾ, ಹೊಟ್ಟೆಬಾಕಿ?" ಎಂದು ಸಿಡುಕಿದ್ದಳು. ಅಮ್ಮನ ತಟ್ಟೆ ಅಂದು ಖಾಲಿಯಿತ್ತು. ಆ ಮಾತು ಹುಡುಗಿಯ ಎದೆಯಲ್ಲಿ ಕೂತುಬಿಟ್ಟಿತು. ಅದೇ ಹಸಿವಿನಲ್ಲಿ ಬೆಳೆದ ಅಣ್ಣನದು ಇನ್ನೊಂದು ಬಗೆ. ಪಾತ್ರೆಯ ತಳ ಕೆರೆದು ತಿಂದೆದ್ದ ಮೇಲೂ, "ಇವತ್ತ್ಯಾಕೋ ಊಟಾನೇ ಸೇರ್ಲಿಲ್ಲ" ಎಂದು ಗೊಣಗುವವನು.

ಗಂಡ ತೀರಿಕೊಂಡು ಅಣ್ಣನ ಮನೆ ಸೇರಿದ ಮೇಲೆ, ಅತ್ತಿಗೆ ಬಡಿಸಲು ಬಂದರೆ ಸಾಕು, ಗುಂಡಿಯಕ್ಕ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು. "ಸಾಕತ್ತಿಗೆ, ಬೆಳಗ್ಗೆಯಿಂದ ಬರೀ ತಿನ್ನೋದೇ ಆಯ್ತು." ಬೇಕೆಂದು ಹೇಳಿದ ಸುಳ್ಳಲ್ಲ ಅದು. ಸೂಜಿ ಹಿಡಿದಾಗಲೂ, ಬಸ್ಸಿನಲ್ಲಿ ನಿಂತಾಗಲೂ ಅವಳಿಗೆ ಊಟದ್ದೇ ಧ್ಯಾನ. ದಿನವಿಡೀ ನೆನೆದದ್ದೆಲ್ಲ ಸಂಜೆಯ ಹೊತ್ತಿಗೆ ತಿಂದ ಲೆಕ್ಕಕ್ಕೇ ಸೇರಿಹೋಗುತ್ತಿತ್ತು.

ಒಂದು ದಿನ ಕೆಲಸದ ನಡುವೆ ಕುಸಿದು ಬಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು, "ದಿನಾ ಏನೇನು ತಿಂತೀರಮ್ಮ?" ಎಂದು ಕೇಳಿದರು.

"ಅಯ್ಯೋ, ಕೇಳ್ಬೇಡಿ. ಬಾಯಿಗೆ ಬಿಡುವೇ ಇಲ್ಲ," ಎಂದು ನಾಚಿ ತಲೆ ತಗ್ಗಿಸಿದಳು.

ಅತ್ತಿಗೆಗೆ ತಡೆಯಲಾಗಲಿಲ್ಲ. "ಇಲ್ಲ ಡಾಕ್ಟ್ರೇ, ಹಕ್ಕಿ ಕುಕ್ಕಿದ ಹಾಗೆ ಕುಕ್ತಾಳೆ ಅಷ್ಟೇ. ನಾಕು ತುತ್ತು ತಿಂದ್ರೆ ಹೆಚ್ಚು."

ಗುಂಡಿಯಕ್ಕ ಬೆಚ್ಚಿ ಅತ್ತಿಗೆಯತ್ತ ನೋಡಿದಳು. ತನ್ನ ಮಾನ ಉಳಿಸಲು ಪಾಪ ಇವಳು ಸುಳ್ಳು ಹೇಳುತ್ತಿದ್ದಾಳಲ್ಲ ಎಂದುಕೊಂಡಳು. ಕಣ್ಣು ತುಂಬಿ ಬಂತು.

ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. ಕೊಟ್ಟ ಗಂಜಿಯೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಹಸಿವು ಸತ್ತರೆ ಕಷ್ಟ ಎಂದು ಡಾಕ್ಟರು ಅತ್ತಿಗೆಗೆ ಮೊದಲೇ ಹೇಳಿದ್ದರು. ಒಂದು ಸಂಜೆ ಗುಂಡಿಯಕ್ಕ ಅತ್ತಿಗೆಯ ಕೈ ಹಿಡಿದು, ಎಂದೂ ಇಲ್ಲದ ಹೆಮ್ಮೆಯಿಂದ ಹೇಳಿದಳು: "ಈಗೀಗ ಹಸಿವೇ ಆಗಲ್ಲ ಅತ್ತಿಗೆ. ಊಟದ ನೆನಪೂ ಬರಲ್ಲ. ಕೊನೆಗೂ ಬುದ್ಧಿ ಬಂತು ನೋಡಿ ನಂಗೆ."

ಅತ್ತಿಗೆ ಹಾಗೇ ಉಳಿದಿದ್ದ ಗಂಜಿಯ ಬಟ್ಟಲು ಹಿಡಿದು ಹೊರಗೆ ಬಂದಳು.

"ತಿಂದ್ಲಾ?" ಬಾಗಿಲಲ್ಲಿ ನಿಂತಿದ್ದ ಅಣ್ಣ ಕೇಳಿದ.

"ಹ್ಞೂಂ, ಪೂರ್ತಿ," ಎನ್ನುತ್ತ ಅವಳು ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಮರುದಿನ ಮಧ್ಯಾಹ್ನ ಗುಂಡಿಯಕ್ಕ ಹೋಗಿಬಿಟ್ಟಳು.