ಹಿಂಗಾಲಿಗೆ ನಾಲ್ಕೇ ಬೆರಳು

ಬೆಳಿಗ್ಗೆ ಐದು ಗಂಟೆ ಇಪ್ಪತ್ತು ನಿಮಿಷ. ನದಿಯ ತಿರುವಿನಲ್ಲಿ, ಹಿಂದಿನ ಸಂಜೆಯಷ್ಟೇ ಗುಡಿಸಿ ಹಸನು ಮಾಡಿದ್ದ ಮರಳಿನ ಮೇಲೆ ಮೊಸಳೆಯ ಹೆಜ್ಜೆಗಳಿವೆ.

ಟಾರ್ಚ್ ಹಿಡಿದು ಅವುಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತಿರುವ ಐವತ್ನಾಲ್ಕರ ಹೆಂಗಸನ್ನು ಸಿನಿಮಾ ತಂಡ ಕರೆಯುವುದು ‘ಅನುಮಾನದಕ್ಕ’ ಎಂದು. ನರಭಕ್ಷಕ ಮೊಸಳೆಯೊಂದರ ಚಿತ್ರ ಇಲ್ಲಿ ಮೂವತ್ತೊಂದು ದಿನದಿಂದ ತಯಾರಾಗುತ್ತಿದೆ. ತೆರೆಯ ಮೇಲಿನ ಮೊಸಳೆ ರಬ್ಬರಿನದು, ನದಿ ಮಾತ್ರ ನಿಜವಾದದ್ದು. ಆದ್ದರಿಂದ ಅಕ್ಕ ಹಸಿರು ಬಾವುಟ ನೆಡುವ ತನಕ ಯಾರೂ ನೀರಿಗೆ ಕಾಲಿಡುವಂತಿಲ್ಲ.

ಚಿತ್ರೀಕರಣದ ಜಾಗಕ್ಕೆ ಮೂರು ಕಡೆ ಬಲೆ ಕಟ್ಟಲಾಗಿದೆ. ನಾಲ್ಕನೆಯ ಕಡೆ ದಡ. “ನೀರಲ್ಲಿ ಬಲೆ ಇದ್ರೇನು, ಅದಕ್ಕೆ ಕಾಲಿಲ್ವಾ? ದಡ ಹತ್ತಿ ಸುತ್ತಿಕೊಂಡು ಬರುತ್ತೆ” ಎನ್ನುತ್ತಾರೆ ಅಕ್ಕ. ಅದಕ್ಕೇ ದಿನಾ ಸಂಜೆ ಅರವತ್ತು ಹೆಜ್ಜೆ ಉದ್ದದ ಮರಳನ್ನು ಕಡ್ಡಿ ಪೊರಕೆಯಲ್ಲಿ ಗುಡಿಸುತ್ತಾರೆ, ಬೆಳಕು ಹರಿಯುವ ಮುನ್ನ ಬಂದು ಅದರ ಮೇಲಿನ ಹೆಜ್ಜೆ ಓದುತ್ತಾರೆ. ಮೂವತ್ತು ಮುಂಜಾನೆ ಅಲ್ಲಿ ಸಿಕ್ಕಿದ್ದು ನಾಯಿ, ಕೊಕ್ಕರೆ, ಒಮ್ಮೆ ನಿರ್ದೇಶಕರ ಚಪ್ಪಲಿ.

ಈ ಅನುಮಾನ ಹುಟ್ಟಿನಿಂದ ಬಂದದ್ದಲ್ಲ. ಒಂಬತ್ತು ವರ್ಷದ ಹಿಂದೆ, ಬಟ್ಟೆ ಒಗೆಯುವ ಕಟ್ಟೆಯಲ್ಲಿ, ತೇಲುತ್ತಿದ್ದದ್ದನ್ನು ನೋಡಿ ಅಕ್ಕನೇ “ದಿಮ್ಮಿ ಕಣೇ, ಇಳಿ” ಅಂದಿದ್ದರು. ಇಳಿದ ನಾದಿನಿ ಮೊಣಕಾಲಿನ ಕೆಳಗೆ ಒಂದು ಕಾಲನ್ನೇ ಕಳೆದುಕೊಂಡರು. ಇಬ್ಬರೂ ಈಗ ಎರಡು ಕೋಣೆಯ ಒಂದೇ ಮನೆಯಲ್ಲಿದ್ದಾರೆ. ಬೆಳಿಗ್ಗೆ ನಾಲ್ಕಕ್ಕೆ ಚಹಾ ಕೊಡುತ್ತಾ ನಾದಿನಿ ದಿನಾ ಒಂದೇ ಮಾತು ಹೇಳುತ್ತಾರೆ: “ಕಣ್ಣು ತೊಳ್ಕೊಂಡು ಹೋಗು ಅತ್ತಿಗೆ. ಪಾಪ, ಆ ಸಿನಿಮಾದವರ ಹತ್ರ ಇರೋದೂ ಎರಡೆರಡೇ ಕಾಲು.”

ಹಿಂದಿನಿಂದ ಓಡುತ್ತಾ ಬರುವವರು ರಬ್ಬರ್ ಮೊಸಳೆ ಮಾಡಿದ ಕುಶಲಕರ್ಮಿ. ಎಲ್ಲರ ಬಾಯಲ್ಲಿ ‘ಮೊಸಳೆ ಮೇಷ್ಟ್ರು’.

“ಅಕ್ಕಾ, ಗಾಬರಿಯಾಗ್ಬೇಡಿ, ಅವು ನಂದು! ನೀವು ಗುಡಿಸಿ ಹೋದ್ಮೇಲೆ ಹೆಜ್ಜೆ ಶಾಟ್ ಒಂದು ತೆಗೆದ್ವಿ. ಮರಳು ಅಷ್ಟು ಚೆನ್ನಾಗಿತ್ತು. ಅಳಿಸೋದು ಮರೆತೇಹೋಯ್ತು.”

“ನನ್ನ ಮರಳೇನು ನಿಮ್ಮ ಸ್ಲೇಟಾ?”

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವುದು ಗಾದೆ. ಅಕ್ಕ ಹೆಜ್ಜೆ ಒತ್ತಿದ ಅಚ್ಚನ್ನು ತರಿಸುತ್ತಾರೆ. ಒಂದೇ ಅಚ್ಚು, ಐದು ಬೆರಳು. ನಾಲ್ಕೂ ಕಾಲಿಗೆ ಅದನ್ನೇ ಒತ್ತಿದ್ದೇನೆ ಎನ್ನುತ್ತಾರೆ ಮೇಷ್ಟ್ರು. ಅಕ್ಕ ಮಂಡಿಯೂರಿ ಒಂದೊಂದೇ ಹೆಜ್ಜೆಗೆ ಅಚ್ಚಿಟ್ಟು ನೋಡುತ್ತಾ ಸಾಗುತ್ತಾರೆ. ಬಲೆಯ ಕೊನೆಯ ಗೂಟದ ಹತ್ತಿರ ಕೈ ನಿಲ್ಲುತ್ತದೆ.

“ಇದಕ್ಕೆ ನಾಲ್ಕೇ ಬೆರಳಿದೆಯಲ್ಲ?”

“ಒಂದು ಬೆರಳು ಸರಿಯಾಗಿ ಒತ್ತಿರಲಿಕ್ಕಿಲ್ಲ ಅಕ್ಕಾ.”

“ಹನ್ನೊಂದು ಕಡೇನೂ?”

ಮೊಸಳೆಯ ಮುಂಗಾಲಿಗೆ ಐದು ಬೆರಳು, ಹಿಂಗಾಲಿಗೆ ನಾಲ್ಕು. ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲ. ನಾಲ್ಕು ಬೆರಳಿನ ಹೆಜ್ಜೆಗಳು ಬಲೆಯ ಆಚೆ ದಡ ಹತ್ತಿ ಈಚೆ ನೀರಿಗಿಳಿದಿವೆ. ಮರಳಿ ಹೋದ ಗುರುತಿಲ್ಲ.

ಆರೂವರೆಗೆ ಡೂಪ್ ಹುಡುಗಿ ಸಿದ್ಧಳಾಗಿ ಬಂದು ನಿಲ್ಲುತ್ತಾಳೆ. ನಾಯಕಿಯ ಬದಲು ನೀರಿನಲ್ಲಿ ಈಜಬೇಕಾದವಳು ಅವಳು. ನದಿ ಕನ್ನಡಿಯಂತಿದೆ. ನಡುವೆ, ದಡದ ಗೂಟಕ್ಕೆ ಹಗ್ಗ ಕಟ್ಟಿ ತೇಲಿಬಿಟ್ಟ ರಬ್ಬರ್ ಮೊಸಳೆ ಮಾತ್ರ ಮೆಲ್ಲಗೆ ಅಲುಗಾಡುತ್ತಿದೆ. ಗಾಳಿ ಇಲ್ಲ.

“ನಿಮಗೆ ತಂಬಿಗೆ ನೀರಲ್ಲೂ ಮೊಸಳೆ ಕಾಣುತ್ತೆ ಅಕ್ಕಾ” ಎಂದು ನಿರ್ದೇಶಕರು ಸಿಡುಕುತ್ತಾರೆ. “ಈ ಬೆಳಕು ಇನ್ನು ಅರ್ಧ ಗಂಟೆ ಅಷ್ಟೇ.”

“ತಂಬಿಗೇಲಿದ್ರೆ ಕಾಣುತ್ತೆ ಸಾರ್. ಬಾವುಟ ನೆಡಲ್ಲ.”

ಅಕ್ಕ ಬಾವುಟವನ್ನು ಸುತ್ತಿ, ಅದರ ಮೇಲೆಯೇ ಕುಳಿತುಬಿಡುತ್ತಾರೆ. ಹುಡುಗಿ ಹತ್ತಿರ ಬಂದು ಪಿಸುಗುಡುತ್ತಾಳೆ: “ಇಳೀಲಾ ಬೇಡ್ವಾ ಅಕ್ಕಾ?”

“ಬೇಡ ಮಗಳೇ. ತಪ್ಪಾದ್ರೆ ನನ್ನ ಕೆಲಸ ಹೋಗುತ್ತೆ, ಅಷ್ಟೇ ತಾನೆ.”

ನಿರ್ದೇಶಕರು ಗೊಣಗುತ್ತಲೇ ಗುಡಿಸಲಿನ ದೃಶ್ಯಕ್ಕೆ ಹೊರಡುತ್ತಾರೆ. ಮೂರು ಗಂಟೆ ನೀರಿನ ಮೇಲೆ ಒಂದು ಗುಳ್ಳೆಯೂ ಏಳುವುದಿಲ್ಲ. ಚಹಾದ ಮೇಜಿನ ಬಳಿ ನಗೆ ಕೇಳುತ್ತದೆ. ಅಕ್ಕ ಎದ್ದುಹೋಗಿ ಆ ಹನ್ನೊಂದು ಹೆಜ್ಜೆಗಳನ್ನು ಮತ್ತೆ ಎಣಿಸುತ್ತಾರೆ, ಈ ಸಲ ತಮ್ಮ ಮೇಲೆಯೇ ಅನುಮಾನಪಟ್ಟು.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಮೇಷ್ಟ್ರು ರಬ್ಬರ್ ಮೊಸಳೆಯನ್ನು ಹಗ್ಗ ಹಿಡಿದು ದಡಕ್ಕೆಳೆಯುತ್ತಾರೆ. ಅದರ ಬಾಲವಿಲ್ಲ. ಹರಿದ ಅಂಚಿನಲ್ಲಿ ಸಾಲಾಗಿ ಹಲ್ಲಿನ ತೂತುಗಳು. ಚಹಾದ ಮೇಜಿನ ಬಳಿ ಯಾರೂ ನಗುವುದಿಲ್ಲ.

ಸಂಜೆಯ ಹೊತ್ತಿಗೆ ಅರಣ್ಯ ಸಿಬ್ಬಂದಿ ಬಲೆಯ ಒಳಗಿನಿಂದಲೇ ಒಂಬತ್ತೂವರೆ ಅಡಿಯ ಮೊಸಳೆಯನ್ನು ಹಿಡಿದು ಒಯ್ಯುತ್ತಾರೆ. ಅಕ್ಕ ಪೊರಕೆ ಹಿಡಿದು ಮತ್ತೆ ಮರಳಿಗಿಳಿಯುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಮೇಷ್ಟ್ರು ಕೇಳಿದರೆ ಗುಡಿಸುತ್ತಲೇ ಹೇಳುತ್ತಾರೆ.

“ಸಿನಿಮಾ ಬಂದಾಗ ನಾದಿನೀನ ಕರ್ಕೊಂಡು ಹೋಗ್ಬೇಕು. ಅದರಲ್ಲಿ ಹಿಂಗಾಲಿಗೆ ನಾಲ್ಕೇ ಬೆರಳಿರ್ಲಿ. ಇಲ್ಲಾಂದ್ರೆ ಅವಳು, ‘ಇದನ್ನೂ ನೋಡ್ಲಿಲ್ವಾ ಅತ್ತಿಗೆ?’ ಅಂತಾಳೆ.”

ಮರುದಿನ ಬೆಳಿಗ್ಗೆ ಮೇಷ್ಟ್ರು ಹೊಸದೊಂದು ಅಚ್ಚು ತಂದರು. ಒತ್ತುವ ಮುನ್ನ ಅದನ್ನು ಅಕ್ಕನ ಕೈಗೆ ಕೊಟ್ಟು, ಬೆರಳು ಎಣಿಸಲು ಹೇಳಿದರು.