ಊಟವಿಲ್ಲದ ಪಕ್ಷ

ಮೊನ್ನೆ ಭಾದ್ರಪದದ ಒಂದು ಬೆಳಿಗ್ಗೆ ಗದಗಿನ ಹಳೆಯ ಓಣಿಯೊಂದರಲ್ಲಿ ನಡೆದು ಹೊರಟಿದ್ದೆ. ಯಾರದೋ ಮನೆಯಿಂದ ಎಳ್ಳು ಹುರಿಯುವ ವಾಸನೆ ಬಂತು, ಅದರ ಬೆನ್ನಿಗೇ ವಡೆ ಕರಿಯುವ ವಾಸನೆ. ಆ ಮನೆಯಲ್ಲಿ ಅಂದು ಪಕ್ಷ ಎಂದು ಮೂಗೇ ಹೇಳಿತು. ತೀರಿಕೊಂಡ ಹಿರಿಯರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಬ್ರಾಹ್ಮಣರನ್ನು ಕರೆದು ಊಟ ಹಾಕುವುದಕ್ಕೆ ಪಕ್ಷ ಎಂದೇ ಹೆಸರು. ನನಗೆ ನಗು ತಡೆಯಲಾಗಲಿಲ್ಲ. ಹಾದಿಯಲ್ಲಿ ಒಬ್ಬನೇ ನಿಂತು ನಗುವ ಮುದುಕನನ್ನು ಕಂಡು ಹೂ ಮಾರುವಾಕೆ ಅತ್ತ ಸರಿದು ಹೋದಳು. ಪಾಪ, ನನಗೆ ನಮ್ಮ ಎದುರುಮನೆಯ ಮಾಸ್ತರು ನೆನಪಾಗಿದ್ದು ಅವಳಿಗೆ ಹೇಗೆ ತಿಳಿಯಬೇಕು...

ಮಾಸ್ತರು ಲಕ್ಷ್ಮೇಶ್ವರದವರು. ಗುಡಿಯ ಪೂಜೆಯ ಬ್ರಾಹ್ಮಣ ಮನೆತನ. ಪೂಜೆಯನ್ನು ಅಣ್ಣನಿಗೆ ಬಿಟ್ಟು, ತಾಯಿಯನ್ನು ಕರೆದುಕೊಂಡು ಗದಗಿಗೆ ಬಂದು ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದರು. ಅವರು ಹುಟ್ಟಿದಾಗ ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು, ಶಿರಹಟ್ಟಿ ಸಾಂಗಲಿಯವರದು, ಗದಗ ಮುಂಡರಗಿಗಳು ಬ್ರಿಟಿಷರ ಮುಂಬಯಿ ಪ್ರಾಂತ. "ಶಿರಹಟ್ಟಿಗೆ ಲಗ್ನದ ಊಟಕ್ಕ ಹೋಗಬೇಕಂದ್ರ ಪರರಾಜ್ಯಕ್ಕ ಹೋಗಬೇಕಾಗ್ತಿತ್ತು ನೋಡು" ಎಂದು ನಗುತ್ತಿದ್ದರು. ಸ್ವಾತಂತ್ರ್ಯ ಬಂದು ಸಂಸ್ಥಾನಗಳೇನೋ ಹೋದವು. ಕನ್ನಡ ನಾಡು ಮಾತ್ರ ಇನ್ನೂ ತುಂಡುತುಂಡಾಗಿಯೇ ಇತ್ತು. ಅದು ಒಂದಾಗುವುದನ್ನು ನೋಡಬೇಕೆಂಬ ಹಂಬಲ ಅವರಿಗೆ ಹಸಿವಿನಷ್ಟೇ ಖರೆಯಾಗಿತ್ತು.

ನಾನು ಅವರ ಕೈಯಲ್ಲಿ ಕಲಿತವನು. ಆಗ ಅರಳೆ ಅಂಗಡಿಯೊಂದರಲ್ಲಿ ಕಾರಕೂನಿಕೆಗೆ ಸೇರಿದ್ದೆ. ಸಂಜೆಯಾದರೆ ಅವರ ಮನೆಯ ಕಟ್ಟೆಯೇ ನನ್ನ ಜಾಗ. ನಾಡೂ ಒಂದಾಗಬೇಕು, ದುಡಿಯುವವರಿಗೆ ನ್ಯಾಯವೂ ಸಿಗಬೇಕು ಎನ್ನುತ್ತಿದ್ದ ಎಡಪಂಥದ ಪಕ್ಷವೊಂದು ಊರಲ್ಲಿತ್ತು. ಕೆಂಪು ಬಾವುಟದವರು ಎಂದೇ ಜನ ಕರೆಯುತ್ತಿದ್ದರು. ಅದಕ್ಕೆ ನಾವಿಬ್ಬರೂ ಒಂದೇ ದಿನ ಸೇರಬೇಕೆಂದು ಮಾತಾಗಿತ್ತು. "ನೀವು ಎಲ್ಲೆ ಇರತೀರೋ ನಾನೂ ಅಲ್ಲೇರಿ ಮಾಸ್ತರ" ಎಂದು ನಾನು ಎದೆ ತಟ್ಟಿ ಹೇಳಿದ್ದೆ.

ಆದರೆ ಮಾಸ್ತರಿಗೆ ಯಾವ ನಿರ್ಧಾರವೂ ಸಲೀಸಾಗಿ ಆಗುತ್ತಿರಲಿಲ್ಲ. ಕಟ್ಟೆಯ ಎಡಕ್ಕೆ ಕೂತು ಸೇರಬೇಕು ಎಂದು ವಾದಿಸುವರು, ಎದ್ದು ಬಲಕ್ಕೆ ಹೋಗಿ ಕೂತು ಯಾಕೆ ಸೇರಬಾರದು ಎಂದು ತಾವೇ ಉತ್ತರ ಕೊಡುವರು. ನಡುವೆ ಕೂತ ನನಗೆ ಕತ್ತು ತಿರುಗಿಸಿ ತಿರುಗಿಸಿ ನೋವು. ಕೊನೆಗೊಂದು ದಿನ ಎಡಕ್ಕೇ ಕೂತು "ಆತು, ಸೇರೋದ" ಅಂದರು. ಅದೇ ವಾರ ಪಕ್ಷ ಒಡೆಯಿತು!

ಆಳುವವರ ಜೊತೆ ಕೂಡಿ ಕೆಲಸ ಮಾಡಿ ಮೊದಲು ನಾಡನ್ನು ಒಂದುಗೂಡಿಸಿಕೊಳ್ಳೋಣ ಎಂದವರು ಗದಗಿನಲ್ಲಿ ಉಳಿದರು. ಆಳುವವರ ಸಹವಾಸವೇ ಬೇಡ, ಬೀದಿಗಿಳಿದು ಹೋರಾಡೋಣ ಎಂದವರು ಬೆಟಗೇರಿಯಲ್ಲಿ ಬೇರೆ ಖೋಲಿ ಹಿಡಿದರು. ಎರಡು ಊರಿಗೆ ಒಂದೇ ಮುನಸಿಪಾಲಿಟಿ, ಒಂದು ಪಕ್ಷಕ್ಕೆ ಎರಡು ಆಫೀಸು. "ನಾಡು ಕೂಡಸಾಕ ಹೊಂಟವರು ತಾವ ಬ್ಯಾರೆ ಆದರಲ್ಲೋ" ಎಂದು ಊರೇ ನಕ್ಕಿತು. ಮಾಸ್ತರು ನಗಲಿಲ್ಲ. ಎದ್ದು ಮತ್ತೆ ಬಲಕ್ಕೆ ಕೂತರು.

ಅದು ಭಾದ್ರಪದ ಮಾಸ. ಅಂದು ರಜೆ. ಮಾಸ್ತರು ಸಂತೆಗೆ ಹೋಗಿದ್ದರು, ನಾನು ದಾರಿ ಕಾಯುತ್ತ ಕಟ್ಟೆಯ ಮೇಲಿದ್ದೆ. ಒಳಗೆ ಅವರ ತಾಯಿ ಬತ್ತಿ ಹೊಸೆಯುತ್ತಿದ್ದರು. ಅಷ್ಟರಲ್ಲಿ ಬೆಟಗೇರಿ ಕಡೆಯ ಇಬ್ಬರು ಬಂದು ಬಾಗಿಲಲ್ಲಿ ನಿಂತು ಕೈ ಮುಗಿದರು.

"ಅಜ್ಜೀ, ಮಾಸ್ತರಿಗೆ ಹೇಳ್ರಿ, ನಮ್ಮ ಪಕ್ಷಕ್ಕ ಬರಬೇಕು."

ಗಂಡಸರು ಪಕ್ಷದ ಊಟಕ್ಕೆ ಹೋಗುವುದನ್ನು ಹುಟ್ಟಿದಾಗಿನಿಂದ ಕಂಡ ಅಜ್ಜಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. "ಬರ್ತಾನ್ರೆಪಾ. ಎಂದದ ಪಕ್ಷ? ಎಷ್ಟು ಮಂದಿ ಬ್ರಾಹ್ಮಣರಿಗೆ ಹೇಳೀರಿ?" ಎಂದು ಕೇಳಿದರು.

"ನಮ್ಮ ಪಕ್ಷದಾಗ ಜಾತಿ ಗೀತಿ ಇಲ್ರಿ ಅಜ್ಜೀ. ಎಲ್ಲಾರೂ ಒಂದ" ಎಂದು ಅವರಲ್ಲೊಬ್ಬ ಹೆಮ್ಮೆಯಿಂದ ಹೇಳಿದ. ಅಜ್ಜಿಯ ಕೈಯಲ್ಲಿನ ಬತ್ತಿ ಹಾಗೇ ನಿಂತಿತು. ನಾನು ಕೆಮ್ಮು ಬಂದವನಂತೆ ಬಾಯಿಗೆ ಧೋತರ ಒತ್ತಿಕೊಂಡೆ.

ಅವರು ಹೋಗಿ ಸ್ವಲ್ಪ ಹೊತ್ತಿಗೆ ಗದಗಿನ ಕಡೆಯವರು ಬಂದರು. "ಬೆಟಗೇರಿಯವರ ಪಕ್ಷಕ್ಕ ಹೋಗಬ್ಯಾಡಂತ ಹೇಳ್ರಿ ಅಜ್ಜೀ. ಅಲ್ಲಿ ಏನೂ ಉಳದಿಲ್ಲ. ನಮ್ಮ ಪಕ್ಷಕ್ಕ ಬರಲಿ."

ಅಲ್ಲಿ ಅಡುಗೆ ತೀರಿಹೋಗಿದೆ ಎಂದು ಅಜ್ಜಿ ತಿಳಿದರು. ಆದರೂ ಪದ್ಧತಿ ಬಿಡುವವರಲ್ಲ. "ಮೊದಲ ಹೇಳಿದವರ ಮನಿಗೇ ಹೋಗಬೇಕಪಾ. ನೀವು ನಿಮ್ಮ ಪಕ್ಷ ಮರುದಿನ ಇಟಗೋರಿ. ಅವತ್ತು ಅಲ್ಲೆ ಉಂಡು, ಮರುದಿನ ನಿಮ್ಮಲ್ಲೆ ಬರ್ತಾನ" ಅಂದರು.

ಬಂದವರು ಮುಖ ಮುಖ ನೋಡಿಕೊಂಡು ಹೊರಟುಹೋದರು. ಮಧ್ಯಾಹ್ನದ ಹೊತ್ತಿಗೆ ಖಬರು ಎರಡೂ ಊರು ಮುಟ್ಟಿತ್ತು. ಮಾಸ್ತರು ಇಂದು ಬೆಟಗೇರಿ, ನಾಳೆ ಗದಗ, ಎರಡೂ ಕಡೆ ಉಣ್ಣುವವರು ಅಂತ! ಮಾಸ್ತರು ಸಂತೆಯಲ್ಲಿಯೇ ಅದನ್ನು ಕೇಳಿ ಮುಖ ಕೆಂಪು ಮಾಡಿಕೊಂಡು ಮನೆಗೆ ಬಂದರು. ನಾನು ನಡೆದದ್ದನ್ನು ಹೇಳಿದೆ. ಸಿಟ್ಟು ಅರ್ಧಕ್ಕೇ ನಿಂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ತಾಯಿಯ ಪಕ್ಕ ಕೂತು, ಇದು ಊಟದ ಪಕ್ಷವಲ್ಲ ಎಂದು ತಿಳಿಸಿ ಹೇಳಿದರು.

"ಊಟಾನ ಇಲ್ಲಂದ್ರ ಅದೆಂಥಾ ಪಕ್ಷನೋ?" ಅಂದರು ಅಜ್ಜಿ. "ಮತ್ತ ಅಷ್ಟು ಯಾಕ ಬಂದು ಬಂದು ಕರೀತಾರ?"

ಅಜ್ಜಿಯ ಮಾತಿಗೆ ಮಾಸ್ತರು ಮತ್ತೆ ನಕ್ಕರು. ಊರ ಬಾಯಿಗಂತೂ ಉತ್ತರ ಕೊಡಲೇಬೇಕಿತ್ತು. ಮಾಸ್ತರು ಅಂದು ಎದ್ದು ಕೂತು ಮಾಡಲಿಲ್ಲ. "ನಾಳೆ ಮುಂಜಾನೆ ಗದಗಿನವರ ಆಫೀಸಿಗೆ ಹೋಗಿ ಸೇರೋಣು. ನನಗ ನಾಡು ಮೊದಲ" ಎಂದರು.

ಆದರೆ ನನ್ನ ಮನಸ್ಸು ಬೆಟಗೇರಿಯಲ್ಲಿತ್ತು. ನನ್ನ ತಾಯಿಯ ತವರು ಅಲ್ಲಿಯ ನೇಕಾರರ ಓಣಿ. ಹಗಲೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಬಿಟ್ಟು ಕೂತರೂ ಸೋದರಮಾವಂದಿರ ಹೊಟ್ಟೆ ತುಂಬುತ್ತಿರಲಿಲ್ಲ. ಕೂಲಿಗಾಗಿ ಅವರು ಬೀದಿಗಿಳಿದಾಗ ಜೊತೆಗೆ ನಿಂತವರನ್ನು ಬಿಟ್ಟು ಬರಲು ನನಗೆ ಮನಸ್ಸಿರಲಿಲ್ಲ. ಹಾಗೆಂದು ಮಾಸ್ತರಿಗೆ ಎದುರಾಡುವುದು ಹೇಗೆ? ನಾನು ಅವರನ್ನು ಬಹಳ ಪ್ರೀತಿಸುತ್ತಿದ್ದೆ. ಅವರು ಬೇಸರಪಟ್ಟು ಕಟ್ಟೆ ಏರಬೇಡ ಎಂದರೆ ನನಗೆ ಊರಲ್ಲಿ ಬೇರೆ ಜಾಗವೇ ಇರಲಿಲ್ಲ.

ಮರುದಿನ ಇಬ್ಬರೂ ಹೊರಟೆವು. ಒಂದು ಹಾದಿ ಬೆಟಗೇರಿಗೆ ಹೊರಳುವಲ್ಲಿ ನನ್ನ ಕಾಲು ನಿಂತವು.

"ಮಾಸ್ತರ, ನಾ ಆ ಕಡಿ ಬರಂಗಿಲ್ರಿ" ಅಂದೆ.

ಅವರು ಕೊಡೆಯನ್ನು ನೆಲಕ್ಕೂರಿ ನಿಂತು, ತರಗತಿಯಲ್ಲಿ ಕೇಳಿದಂತೆಯೇ "ಯಾಕ? ಹೇಳು" ಅಂದರು. ಹೇಳಿದೆ. ಮಗ್ಗ, ಕೂಲಿ, ಮಾವಂದಿರು... ತೊದಲುತ್ತ ಎಲ್ಲ ಹೇಳಿದೆ.

"ಪೂರಾ ತಪ್ಪು" ಅಂದರು ಕೊನೆಗೆ. ನಾನು ತಲೆ ತಗ್ಗಿಸಿದೆ. ಅವರ ಕೈ ನನ್ನ ಹೆಗಲ ಮೇಲೆ ಬಂತು. "ಆದ್ರ ಛಂದ ಹೇಳಿದಿ. ಹೋಗು, ನಿನ್ನ ಪಕ್ಷಕ್ಕ ಸೇರು. ಸಂಜಿಗೆ ಮಾತ್ರ ಬರೋದು ತಪ್ಪಸಬ್ಯಾಡ. ಎರಡೂ ಕಡೆ ನಾ ಒಬ್ಬನ ಕೂತು ಕೂತು ನಡಾ ನೋಯ್ತದ."

ಅಂದಿನಿಂದ ಎಡಗಡೆ ನಾನು, ಬಲಗಡೆ ಅವರು. ಎಷ್ಟು ವರ್ಷ ಜಗಳಾಡಿದೆವೋ! ನಾಡು ಒಂದಾದ ದಿನ "ನಮ್ಮ ಪಕ್ಷದಿಂದ ಆತು" ಎಂದು ಅವರು, "ನಮ್ಮ ಪಕ್ಷದಿಂದ" ಎಂದು ನಾನು. ಅಜ್ಜಿ ಇಬ್ಬರ ಬಾಯಿಗೂ ಬೆಲ್ಲ ತುರುಕಿದ ಮೇಲೆಯೇ ಗದ್ದಲ ನಿಂತದ್ದು. ಮುಂದೆ ಎರಡೂ ಪಕ್ಷಗಳು ಮತ್ತೆ ಒಡೆದವು, ಕೂಡಿದವು, ಕಡೆಗೆ ಎಲ್ಲಿ ಕರಗಿದವೋ ತಿಳಿಯಲಿಲ್ಲ. ನಮ್ಮ ಜಗಳ ಮಾತ್ರ ಗಟ್ಟಿಯಾಗಿ ಉಳಿಯಿತು. ಅಜ್ಜಿ ಹೋದರು. ಬಹಳ ವರ್ಷಗಳ ಮೇಲೆ ಮಾಸ್ತರೂ ಹೋದರು...

ಈಗ ನಾನು ಊರಿಗೆ ಹಿರಿಯ. ಕಳೆದ ವಾರ ಚಹಾದಂಗಡಿಯಲ್ಲಿ ನಾಲ್ಕು ಜನ ಕೂತಿದ್ದಾಗ, ಮಾಸ್ತರು ನನ್ನೆದುರು ಜೀವಮಾನವಿಡೀ ಆಡಿದ ವಾದವನ್ನು ನನ್ನದೇ ಎಂಬಂತೆ ಹೇಳಿದೆ, ಆಳುವವರ ಜೊತೆ ಕೂಡಿಯೇ ಕೆಲಸ ಮಾಡಿಸಿಕೊಳ್ಳಬೇಕು ಅಂತ. ಯಾರಾದರೂ "ಪೂರಾ ತಪ್ಪು" ಅಂದಾರೇನೋ ಎಂಬ ಆಸೆಯಿಂದ ಎಲ್ಲರ ಮುಖ ನೋಡಿದೆ. "ಖರೆ ಐತ್ರಿ ಅಜ್ಜಾರ" ಎಂದು ನಾಲ್ವರೂ ತಲೆಯಾಡಿಸಿದರು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.