ಮನೆಯೊಳಗೊಬ್ಬ ಗಿರಾಕಿ

ವಿಮೆ ಏಜೆಂಟರೂ ಆಗಾಗ ಶಾಲೆಗೆ ಹೋಗಬೇಕು ಎಂದರೆ ನಮ್ಮ ಓಣಿಯವರು ನಗುತ್ತಾರೆ. ಲೈಸೆನ್ಸ್ ಉಳಿಯಬೇಕಾದರೆ ಎರಡು ದಿನ ತರಬೇತಿಗೆ ಕೂತು ಪ್ರಮಾಣಪತ್ರ ತರಬೇಕು. ಬೇರೆಯವರು ಗೊಣಗುತ್ತಾರೆ, ನನಗಂತೂ ಅದು ಹಬ್ಬ. ಆ ಎರಡು ದಿನ ಮಧ್ಯಾಹ್ನದ ಊಟ ಕಂಪನಿಯದು. ಫ್ಯಾನಿನ ಕೆಳಗೆ ಕೂತು ಹಳೆಯ ಗೆಳತಿಯರ ಜೊತೆ ಹೊಟ್ಟೆ ತುಂಬ ಹರಟೆ. ಬಾಲಾನಗರದ ನಮ್ಮ ಮನೆಯಿಂದ ತರಬೇತಿ ನಡೆಯುವ ನಾಂಪಲ್ಲಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದರೆ ನನ್ನನ್ನು ಹಿಡಿಯುವವರಿಲ್ಲ.

ಈ ಸಲ ಪಾಠ ಮಾಡಲು ಬಂದವಳು ತೆಲುಗು ಹೆಣ್ಣುಮಗಳು, ಮಾತು ಖಡಕ್. ಒಬ್ಬೊಬ್ಬರೇ ಎದ್ದು ಬಂದು, ಗಿರಾಕಿಗೆ ಹೇಳುವ ಹಾಗೆ ಪಾಲಿಸಿ ವಿವರಿಸಿ ಎಂದಳು. ನನ್ನ ಗಿರಾಕಿಗಳು ಹೆಚ್ಚಾಗಿ ನಮ್ಮ ಕಡೆಯವರೇ. ಕಲಬುರಗಿ, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು, ಜೀಡಿಮೆಟ್ಲಾದ ಫ್ಯಾಕ್ಟರಿಗಳಿಗೆ ಹೋಗುವವರು. ಅವರಿಗೆ ಹೇಳುವುದನ್ನೇ ಹಿಂದಿಯಲ್ಲಿ ಹೇಳಿದೆ: ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಮನೆಯವರಿಗೆ ಇಷ್ಟು ಬರುತ್ತದೆ.

"ಕ್ಯಾ ಹುವಾ ತೋ? ಸಾಫ್ ಬೋಲೋ ಅಮ್ಮಾ," ಎಂದಳು. ಏನಾದರೆ, ಬಿಡಿಸಿ ಹೇಳಿ ಅಂತ.

ನಾನು ಹಲ್ಲು ಕಿರಿದೆ. ಅವಳು ನಗಲಿಲ್ಲ. ಗಿರಾಕಿ ಇದನ್ನು ಬರೀ ಉಳಿತಾಯ ಅಂದುಕೊಳ್ಳುತ್ತಾನೆ, ಅವನು ಸತ್ತರೆ ಏನು ಸಿಗುತ್ತದೆ, ಯಾರಲ್ಲಿ ಕೇಳಬೇಕು ಎನ್ನುವುದೇ ಮನೆಯವರಿಗೆ ಗೊತ್ತಿರುವುದಿಲ್ಲ ಎಂದಳು. ಅದು ನಿಜವೇ. ಆಮೇಲೆ ಎಲ್ಲರಿಗೂ ಮನೆಗೆಲಸ ಕೊಟ್ಟಳು. ಇನ್ನೂ ವಿಮೆ ಇಲ್ಲದ ಒಬ್ಬರಿಗೆ ಇವತ್ತೇ ಸಾವು ಎನ್ನುವ ಮಾತು ಬಳಸಿ ವಿವರಿಸಬೇಕು, ನಾಳೆ ಬಂದು ಹೇಳಬೇಕು. ಇಲ್ಲದಿದ್ದರೆ ಪ್ರಮಾಣಪತ್ರಕ್ಕೆ ಅವಳ ಸಹಿ ಇಲ್ಲ.

ವಿಮೆ ಇಲ್ಲದವರು ಯಾರು ಎಂದು ಬಸ್ಸಿನಲ್ಲಿ ಯೋಚಿಸುತ್ತ ಬಂದೆ. ನನ್ನದಿದೆ, ಕಾಲೇಜಿಗೆ ಹೋಗುವ ಮಗಳದ್ದಿದೆ. ಇಲ್ಲದಿರುವುದು ನನ್ನ ಗಂಡನಿಗೆ. ಬಾಲಾನಗರದ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇಥ್ ಮಶೀನಿನ ಮುಂದೆ ನಿಲ್ಲುವ ಆ ಮನುಷ್ಯನ ಸಂಬಳದಲ್ಲೇ ನಮ್ಮ ಮನೆ ನಡೆಯುವುದು, ಮಗಳ ಓದು ಸಾಗುವುದು. ಅವರಿಗೇ ಇಲ್ಲ! ನಮ್ಮಲ್ಲಿ ಮುತ್ತೈದೆಯಾದವಳು ಗಂಡನ ಸಾವಿನ ಮಾತನ್ನು ಬಾಯಲ್ಲಿ ತರಬಾರದು. ಅದಕ್ಕೇ ನಾನು ಇಷ್ಟು ವರ್ಷ ಆ ದಾರಿಯನ್ನೇ ಹಿಡಿದಿರಲಿಲ್ಲ.

ಸಂಜೆ ಅವರು ಬಂದು, ಕೈಗಂಟಿದ ಎಣ್ಣೆ ತೊಳೆದುಕೊಂಡು ಕೂತರು. ಚಹಾ, ಚುರುಮುರಿ ಮುಂದಿಟ್ಟೆ.

"ರೀ, ಸ್ವಲ್ಪ ಹೊತ್ತು ನೀವು ನನ್ನ ಗಿರಾಕಿ ಅಂತ ತಿಳಕೋರಿ."

"ತಿಳಕೊಂಡೆ. ಲಗೂನ ಹೇಳು, ಚಾ ಆರಾಕತ್ತೈತಿ."

ಕಂತು, ಅವಧಿ, ವೈದ್ಯಕೀಯ ಪರೀಕ್ಷೆ ಎಲ್ಲ ಅರಳು ಹುರಿದಂತೆ ಹೇಳಿದೆ. ಸಾವಿನ ಮಾತು ಬರುವ ಜಾಗಕ್ಕೆ ಬಂದದ್ದೇ ಮತ್ತೆ ಹಳೆಯ ಚಾಳಿಗೇ ಬಿದ್ದೆ.

"ನಾಳೆ ನಿಮಗೇನರೆ..."

"ಹೆಚ್ಚುಕಡಿಮಿ ಆದ್ರ," ಎಂದು ಅವರೇ ಪೂರ್ತಿ ಮಾಡಿದರು. ಹೊರಗಿನ ಕಟ್ಟೆಯ ಮೇಲೆ ಗಿರಾಕಿಗಳಿಗೆ ನಾನು ಹೇಳುವುದನ್ನು ಕೇಳಿ ಕೇಳಿ ಅವರಿಗೆ ಬಾಯಿಪಾಠವಾಗಿತ್ತು.

"ಅದಲ್ಲರಿ." ತಾಳಿ ನನಗೇ ತಿಳಿಯದೆ ಕೈಗೆ ಬಂದಿತ್ತು. "ನೀವು ಸತ್ರ..." ಎಂದೆ. ಅಷ್ಟೇ, ಮುಂದಿನದೆಲ್ಲ ಅಳು. ನನಗೆ ನನ್ನ ಮೇಲೇ ಸಿಟ್ಟು ಬಂತು.

ಅವರು ಕಪ್ಪು ಕೆಳಗಿಟ್ಟರು. ಬೈಯುತ್ತಾರೆ ಅಂದುಕೊಂಡೆ.

"ಓಣ್ಯಾಗ ಯಾರ್ನೂ ಬಿಡಲಿಲ್ಲ ನೀ. ಇಸ್ತ್ರಿ ಮಾಡಾವಗ ಪಾಲಿಸಿ ಮಾಡಿಸಿದಿ, ಮನಿ ಮಾಲಕಗೂ ಮಾಡಿಸಿದಿ. ನನಗ ಒಮ್ಮಿನೂ ಕೇಳಲಿಲ್ಲ. ನಾನೂ ನೋಡ್ಕೋತ ಬಂದೀನಿ. ಯಾಕ, ನಾ ಸಾಯಂಗಿಲ್ಲ ಅಂತ ತಿಳಕೊಂಡಿದ್ದಿಯೇನು?"

ಗಿರಾಕಿಗೆ ಸುಳ್ಳು ಹೇಳಬಾರದು ಎಂದು ಅವತ್ತೇ ಬೆಳಿಗ್ಗೆ ಪಾಠವಾಗಿತ್ತು.

"ಹೌದ್ರಿ," ಎಂದೆ. "ಹಂಗ ತಿಳಕೊಂಡಿದ್ದೆ."

ಅವರು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ಆಮೇಲೆ ಸಹಿ ಎಲ್ಲಿ ಮಾಡಬೇಕು ಎಂದು ಕೇಳಿದರು.